ಇಂಗ್ಲಿಷಿನ ಭೇದಸೂಚಕ ಪದಗಳು

ಎರಡು ವಸ್ತುಗಳು, ಗುಣಗಳು ಅಥವಾ ಅಭಿಪ್ರಾಯಗಳು ಒಂದೇ ಅಲ್ಲವೆಂದು ತಿಳಿಸಲು ಇಂಗ್ಲಿಷ್ ಭಾಷೆಯಲ್ಲಿ ಬಳಕೆಯಾಗುವ ಪದಗಳ ಸಮೂಹ. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ವ್ಯತ್ಯಾಸವನ್ನು ಹೆಸರಿಸುವ ನಾಮಪದ, ಕ್ರಿಯಾಪದ, ವಿಶೇಷಣಗಳು ಮೊದಲನೆಯವು: ಡಿಫರೆನ್ಸ್, ಡಿಫರ್, ಡಿಫರೆಂಟ್, ಕಾಂಟ್ರಾಸ್ಟ್, ಡಿಸ್ಟಿಂಕ್ಷನ್. ಎರಡು ವಾಕ್ಯಗಳನ್ನು ಎದುರುಬದುರು ನಿಲ್ಲಿಸಿ ಜೋಡಿಸುವ ಅವ್ಯಯಗಳು ಎರಡನೆಯವು: ಬಟ್, ಯೆಟ್, ಆಲ್ದೋ, ವೈಲ್, ವೇರ್‌ಆಸ್, ಹೌಎವರ್. ವಿರುದ್ಧಾರ್ಥ ಹುಟ್ಟಿಸುವ ಪೂರ್ವಪ್ರತ್ಯಯಗಳು ಮೂರನೆಯವು: ಅನ್, ಇನ್, ಡಿಸ್, ನಾನ್, ಆಂಟಿ.

ಈ ಪದಗಳಲ್ಲಿ ಬಹುಪಾಲು ಹುಟ್ಟಿದ್ದು ತರ್ಕದ ಪದಗಳಾಗಿ ಅಲ್ಲ. ಹೊರಗೆ, ಎದುರಿಗೆ, ದೂರಕ್ಕೆ, ಜರಡಿ ಹಿಡಿ, ನಿಂತುಕೋ ಎಂಬಂಥ ಮೈಕೈಯ, ಜಾಗದ, ಹೊತ್ತಿನ ಮಾತುಗಳೇ ಕಾಲಕ್ರಮದಲ್ಲಿ ಭೇದವನ್ನು ಹೇಳುವ ಮಾತುಗಳಾದವು. ಆ ಹಳೆಯ ಅರ್ಥ ಇಂದಿಗೂ ಒಳಗಿನಿಂದ ಬಳಕೆಯನ್ನು ನಡೆಸುತ್ತಿದೆ. ಯಾವ ಸಂದರ್ಭಕ್ಕೆ ಯಾವ ಪದ ಎಂಬ ಗೊಂದಲ ಬಂದಾಗ ನಿಯಮದ ಪಟ್ಟಿಗಿಂತ ಪದದ ಹುಟ್ಟು ಹೆಚ್ಚು ಸಲ ದಾರಿ ತೋರಿಸುತ್ತದೆ.

ಎರಡು ಮೂಲಗಳು

ಇಂಗ್ಲಿಷಿನ ಭೇದಸೂಚಕ ಪದಗಳು ಎರಡು ಮನೆತನಗಳಿಂದ ಬಂದವು. ಅದರ್, ಎಲ್ಸ್, ಬಟ್, ಯೆಟ್, ದೋ, ವೈಲ್, ಅನ್‌ಲೈಕ್ ಇವು ಜರ್ಮ್ಯಾನಿಕ್ ಮೂಲದ ನಾಟಿ ಪದಗಳು. ಮನೆಮಾತಿನಲ್ಲಿ ದಿನವಿಡೀ ಓಡಾಡುವಂಥವು. ಡಿಫರೆಂಟ್, ಡೈವರ್ಸ್, ಕಾಂಟ್ರರಿ, ಆಪೋಸಿಟ್, ಡಿಸ್ಟಿಂಕ್ಟ್ ಇವು ಲ್ಯಾಟಿನ್ ಮೂಲದವು. ಇವುಗಳಲ್ಲಿ ಹೆಚ್ಚಿನವು 1066ರ ನಾರ್ಮನ್ ವಿಜಯದ ನಂತರದ ಶತಮಾನಗಳಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಇಳಿದು ಬಂದವು. ವಾಕ್ಯ ಜೋಡಿಸುವ ಕೆಲಸ ಬಹುಮಟ್ಟಿಗೆ ನಾಟಿ ಪದಗಳ ಕೈಯಲ್ಲೇ ಉಳಿಯಿತು. ವ್ಯತ್ಯಾಸಕ್ಕೆ ಹೆಸರಿಡುವ ಕೆಲಸ ಲ್ಯಾಟಿನ್ ಪದಗಳಿಗೆ ಹೋಯಿತು.

ಅದರ್ ಎಂಬ ಪದದ ವಂಶ ಕನ್ನಡಿಗರಿಗೆ ದೂರದ್ದಲ್ಲ. ಭಾಷಾಶಾಸ್ತ್ರಜ್ಞರು ಇದನ್ನು ಸಂಸ್ಕೃತದ 'ಅಂತರ' ಎಂಬ ಪದದೊಂದಿಗೆ ಸೇರಿಸುತ್ತಾರೆ. ಭಾಷಾಂತರ ಎಂದರೆ ಬೇರೆ ಭಾಷೆ, ರೂಪಾಂತರ ಎಂದರೆ ಬೇರೆ ರೂಪ. ಈ ಸಮಾಸಗಳಲ್ಲಿ ಅಂತರಕ್ಕೆ 'ಬೇರೆ' ಎಂದೇ ಅರ್ಥ. ಅದರ್ ಪದದ ಕೊನೆಯ ಭಾಗ, ಇಬ್ಬರಲ್ಲಿ ಒಬ್ಬರನ್ನು ಬೇರ್ಪಡಿಸಿ ತೋರಿಸುವ ಒಂದು ಪ್ರಾಚೀನ ಪ್ರತ್ಯಯ. ವೆದರ್ ಎಂಬ ಪ್ರಶ್ನಾವ್ಯಯದಲ್ಲಿರುವುದೂ ಅದೇ. ಸಂಸ್ಕೃತದಲ್ಲಿ ಅದು 'ತರ' ಆಗಿ, ನಾವು ನಿತ್ಯ ಬಳಸುವ 'ಇತರ' ಪದದಲ್ಲಿ ಕುಳಿತಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ್ ಎಂಬುದಕ್ಕೆ 'ಎರಡನೆಯ' ಎಂಬ ಅರ್ಥವೂ ಇತ್ತು.

ಹೆಸರಿಡುವ ಪದಗಳು

ಡಿಫರೆಂಟ್ ಪದದ ಮೂಲದಲ್ಲಿರುವ ಲ್ಯಾಟಿನ್ ಕ್ರಿಯಾಪದಕ್ಕೆ 'ಬೇರೆ ಬೇರೆ ಕಡೆಗೆ ಹೊತ್ತೊಯ್ಯು' ಎಂದು ಅರ್ಥ. ಅದೇ ಕ್ರಿಯಾಪದದಿಂದ ಇಂಗ್ಲಿಷಿಗೆ ಎರಡು ಪದಗಳು ಬಂದವು: ಬೇರೆಯಾಗಿರು ಎನ್ನುವ ಡಿಫರ್, ಮುಂದಕ್ಕೆ ಹಾಕು ಎನ್ನುವ ಡಿಫರ್. ಒಂದನ್ನು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಹೇಳುತ್ತಾರೆ, ಇನ್ನೊಂದನ್ನು ಕೊನೆಯ ಅಕ್ಷರಕ್ಕೆ. ಬರವಣಿಗೆಯಲ್ಲಿ ಒಂದು ಸ್ವರ ಮತ್ತು ಒಂದು ಇಮ್ಮಡಿ ವ್ಯಂಜನದ ವ್ಯತ್ಯಾಸ. ವಸ್ತುವನ್ನು ದೂರ ಒಯ್ದರೆ ಭೇದ, ಕೆಲಸವನ್ನು ದೂರ ಒಯ್ದರೆ ಮುಂದೂಡಿಕೆ.

ಡೈವರ್ಸ್ ಎಂದರೆ ಬೇರೆ ಬೇರೆ ದಿಕ್ಕಿಗೆ ತಿರುಗಿದ್ದು. ಮದುವೆ ಮುರಿಯುವುದಕ್ಕಿರುವ ಡಿವೋರ್ಸ್ ಎಂಬ ಪದವೂ ಇದೇ ತಿರುವಿನಿಂದ ಹುಟ್ಟಿದ್ದು. ಡಿಸ್ಕ್ರೆಪೆನ್ಸಿ ಎಂಬುದರ ಮೂಲ ಅರ್ಥ ಅಪಸ್ವರ. ತಾಳೆಯಾಗಲೇಬೇಕಾದ ಎರಡು ಲೆಕ್ಕಗಳು ತಾಳೆಯಾಗದಿದ್ದಾಗ ಮಾತ್ರ ಈ ಪದ ಸಲ್ಲುತ್ತದೆ. ಮಾವಿಗೂ ಹಲಸಿಗೂ ಡಿಫರೆನ್ಸ್ ಇದೆ, ಡಿಸ್ಕ್ರೆಪೆನ್ಸಿ ಇಲ್ಲ. ರಸೀದಿ ಪುಸ್ತಕಕ್ಕೂ ಗಲ್ಲಾಪೆಟ್ಟಿಗೆಗೂ ನಡುವೆ ಇರಬಹುದಾದದ್ದು ಡಿಸ್ಕ್ರೆಪೆನ್ಸಿ. ಡಿಸ್‌ಪ್ಯಾರಿಟಿ ಎಂದರೆ ಸರಿಸಮವಲ್ಲದಿರುವುದು. ಕೂಲಿಯಲ್ಲಿ, ಆದಾಯದಲ್ಲಿ, ಅವಕಾಶದಲ್ಲಿ ಏರುಪೇರಿದ್ದು ಅದು ಅನ್ಯಾಯವೆನಿಸಿದಾಗ ಬರುವ ಮಾತು. ಡೈವರ್ಜೆನ್ಸ್‌ನಲ್ಲಿ ಒಂದೇ ಕಡೆಯಿಂದ ಹೊರಟ ಎರಡು ದಾರಿಗಳು ಕವಲೊಡೆಯುತ್ತವೆ. ನ್ಯೂಆನ್ಸ್ ಎಂಬುದು ಫ್ರೆಂಚಿನ ಮೋಡ ಎಂಬ ಪದದಿಂದ ಬಂದದ್ದು. ಮೋಡದ ಬಣ್ಣದಲ್ಲಿ ಕಾಣುವಂಥ ನಸು ಛಾಯೆಯ ವ್ಯತ್ಯಾಸಕ್ಕೆ ಅದು ಹೆಸರು.

ಡಿಸ್ಟಿಂಕ್ಷನ್ ಪದಕ್ಕೆ ಎರಡು ಮುಖ. ಎರಡರ ನಡುವೆ ಗೆರೆ ಎಳೆಯುವುದು ಒಂದು. ಗುಂಪಿನಿಂದ ಎದ್ದು ಕಾಣುವ ಹಿರಿಮೆ ಇನ್ನೊಂದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕರ್ನಾಟಕದ ಮನೆಗಳಲ್ಲಿ 'ಡಿಸ್ಟಿಂಕ್ಷನ್ ಬಂತು' ಎನ್ನುವುದು ಈ ಎರಡನೆಯ ಅರ್ಥದಲ್ಲಿ. ಬೇರೆಯಾಗಿರುವುದೇ ಗೌರವವೂ ಆಗುವ ಸಾಧ್ಯತೆ ಈ ಪದದೊಳಗಿದೆ.

ಕಾಂಟ್ರಾಸ್ಟ್: ಬಣ್ಣದಿಂದ ಬಂದ ಪದ

ಕಾಂಟ್ರಾಸ್ಟ್ ಪದದ ಲ್ಯಾಟಿನ್ ಮೂಲಕ್ಕೆ 'ಎದುರು ನಿಲ್ಲು' ಎಂದು ಅರ್ಥ. ಇಟಾಲಿಯನ್, ಫ್ರೆಂಚ್ ಹಾದು ಬಂದ ಇದು 17ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಚಿತ್ರಕಲೆಯ ಪರಿಭಾಷೆಯಾಗಿ ನೆಲೆನಿಂತಿತು. ಒಂದು ಬಣ್ಣದ ಪಕ್ಕ ಇನ್ನೊಂದನ್ನು ಇಟ್ಟು ಎರಡನ್ನೂ ಎತ್ತಿ ತೋರಿಸುವುದಕ್ಕೆ ಕಲಾವಿದರು ಇಟ್ಟ ಹೆಸರು ಇದು. ಡಿಫರೆನ್ಸ್‌ಗೂ ಕಾಂಟ್ರಾಸ್ಟ್‌ಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲೇ ಇದೆ. ಡಿಫರೆನ್ಸ್ ಯಾರೂ ನೋಡದಿದ್ದರೂ ಇರುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಕಣ್ಣಿದ್ದರೆ ಮಾತ್ರ ಕಾಂಟ್ರಾಸ್ಟ್ ಹುಟ್ಟುತ್ತದೆ.

ಫ್ರೆಂಚ್ ರಸಾಯನ ವಿಜ್ಞಾನಿ ಮಿಷೆಲ್ ಷೆವ್ರಲ್ (1786-1889) ಈ ಸಂಗತಿಯನ್ನು ಶಾಸ್ತ್ರವಾಗಿಸಿದ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಅವನಿಗೆ ಕಪ್ಪು ಬಣ್ಣ ಗಾಢವಾಗಿ ಕಾಣುತ್ತಿಲ್ಲವೆಂಬ ದೂರು ಬಂತು. ಪರೀಕ್ಷಿಸಿದಾಗ ದೋಷ ಬಣ್ಣದಲ್ಲಿ ಇರಲಿಲ್ಲ. ಪಕ್ಕದಲ್ಲಿದ್ದ ನೂಲಿನ ಬಣ್ಣ ಕಪ್ಪನ್ನು ಮಂಕಾಗಿ ಕಾಣಿಸುತ್ತಿತ್ತು. ಏಕಕಾಲಿಕ ವರ್ಣವೈದೃಶ್ಯದ ನಿಯಮವನ್ನು ವಿವರಿಸಿದ ಅವನ ಗ್ರಂಥ 1839ರಲ್ಲಿ ಪ್ರಕಟವಾಯಿತು.

ಕನ್ನಡನಾಡಿನ ಸೀರೆ ಅಂಗಡಿಗಳಲ್ಲಿ ಕಾಂಟ್ರಾಸ್ಟ್ ಇಂದಿಗೂ ಈ ಮೂಲ ಅರ್ಥದಲ್ಲೇ ಜೀವಂತವಾಗಿದೆ. 'ಕಾಂಟ್ರಾಸ್ಟ್ ಬಾರ್ಡರ್ ತೋರಿಸಿ', 'ಇದಕ್ಕೆ ಕಾಂಟ್ರಾಸ್ಟ್ ಬ್ಲೌಸ್ ಹೊಲಿಸಿ' ಎನ್ನುವವರು ಹಸಿರಿನ ಪಕ್ಕ ಕೆಂಪನ್ನು ಇಟ್ಟು ಎರಡನ್ನೂ ಬೆಳಗಿಸುತ್ತಿದ್ದಾರೆ. ಆಸ್ಪತ್ರೆಯ ಕಾಂಟ್ರಾಸ್ಟ್ ಸ್ಕ್ಯಾನಿನಲ್ಲೂ ತತ್ತ್ವ ಇದೇ: ಅಯೋಡಿನ್ ಇರುವಂಥ ದ್ರವ ದೇಹಕ್ಕೆ ಸೇರಿದಾಗ, ಪಕ್ಕದ ಅಂಗಾಂಶಕ್ಕಿಂತ ರಕ್ತನಾಳ ಎದ್ದು ಕಾಣುತ್ತದೆ.

ಫ್ರಮ್, ಟು, ದ್ಯಾನ್

ಡಿಫರೆಂಟ್ ನಂತರ ಯಾವ ಪ್ರೆಪೊಸಿಷನ್ ಬರಬೇಕೆಂಬುದು ಇಂಗ್ಲಿಷಿನ ಹಳೆಯ ತಕರಾರುಗಳಲ್ಲಿ ಒಂದು. 'ಡಿಫರೆಂಟ್ ಫ್ರಮ್' ಎಲ್ಲ ಕಡೆಯೂ ಒಪ್ಪಿತ. 'ಡಿಫರೆಂಟ್ ಟು' ಬ್ರಿಟನ್ನಿನಲ್ಲಿ, 'ಡಿಫರೆಂಟ್ ದ್ಯಾನ್' ಅಮೆರಿಕದಲ್ಲಿ ಹೆಚ್ಚು ಕೇಳಿಬರುತ್ತವೆ. ಫ್ರಮ್ ಮಾತ್ರ ಸರಿ ಎಂಬ ವಾದಕ್ಕೆ ಆಧಾರ ಪದದೊಳಗಿನ 'ದೂರಕ್ಕೆ' ಎಂಬ ಅರ್ಥ. ಎಚ್.ಡಬ್ಲ್ಯು. ಫೌಲರ್ 1926ರ ತಮ್ಮ ಪ್ರಸಿದ್ಧ ಬಳಕೆ ಕೋಶದಲ್ಲಿ, ಫ್ರಮ್ ಬಿಟ್ಟು ಟು ಬಳಸಕೂಡದೆಂಬ ಕಟ್ಟನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರು. ಪರೀಕ್ಷೆಗೆ, ಅರ್ಜಿಗೆ, ಔಪಚಾರಿಕ ಬರಹಕ್ಕೆ ಫ್ರಮ್ ಸುರಕ್ಷಿತ. ಉಳಿದವನ್ನು ತಪ್ಪೆಂದು ಗೆರೆ ಎಳೆಯುವುದು ಸಲ್ಲದು.

ಕಂಪೇರ್ ಕ್ರಿಯಾಪದದಲ್ಲಿ ಮಾತ್ರ ಪ್ರೆಪೊಸಿಷನ್ ಅರ್ಥವನ್ನೇ ಬದಲಿಸಬಲ್ಲದು. ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೊಗಳುವಾಗ 'ಕಂಪೇರ್ ಟು'. ಎರಡನ್ನು ತಕ್ಕಡಿಯಲ್ಲಿಟ್ಟು ಸಾಮ್ಯವನ್ನೂ ಭೇದವನ್ನೂ ಅಳೆಯುವಾಗ 'ಕಂಪೇರ್ ವಿತ್'. ಮುಖವನ್ನು ಚಂದ್ರನಿಗೆ ಹೋಲಿಸುವ ಕವಿಗೆ ಟು ಬೇಕು, ಈ ವರ್ಷದ ಮಳೆಯನ್ನು ಹೋದ ವರ್ಷದ ಮಳೆಯೊಂದಿಗೆ ಹೋಲಿಸುವ ವರದಿಗಾರನಿಗೆ ವಿತ್. ಇಂದಿನ ಬಳಕೆಯಲ್ಲಿ ಈ ಗೆರೆ ಮಸುಕಾಗಿದೆ, ಅಳಿಸಿಹೋಗಿಲ್ಲ.

'ಜೊತೆಗೆ' ಎಂಬ ಅರ್ಥದ ಈ ವಿತ್ ಹಳೆಯ ಇಂಗ್ಲಿಷಿನಲ್ಲಿ 'ವಿರುದ್ಧವಾಗಿ' ಎಂಬ ಅರ್ಥದ ಪದವಾಗಿತ್ತು. ಎದುರಿಸಿ ನಿಲ್ಲು ಎಂಬರ್ಥದ ವಿತ್‌ಸ್ಟ್ಯಾಂಡ್‌ನಲ್ಲಿ ಆ ಹಳೆಯ ಅರ್ಥ ಉಳಿದಿದೆ. 'ಫೈಟ್ ವಿತ್' ಎಂದಾಗ ಎದುರು ಕಾದಾಡುವುದು ಎಂದು ನಾವು ತಿಳಿಯುವುದೂ ಆ ಕಾರಣಕ್ಕೇ. ಹೋಲಿಕೆಯನ್ನು ತೋರಿಸುವ ದ್ಯಾನ್ ಕೂಡ ಮೂಲದಲ್ಲಿ 'ಆಮೇಲೆ' ಎಂಬ ದೆನ್ ಪದವೇ. ಇವನು ಎತ್ತರ, ಆಮೇಲೆ ಅವನು ಎಂಬ ಸರದಿಯೇ ಅವನಿಗಿಂತ ಇವನು ಎತ್ತರ ಎಂಬ ಹೋಲಿಕೆಯಾಯಿತು.

ಬಟ್

ಭೇದಸೂಚಕ ಅವ್ಯಯಗಳಲ್ಲಿ ಅತಿ ಹೆಚ್ಚು ದುಡಿಯುವುದು ಬಟ್. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಬೂಟನ್', ಅರ್ಥ 'ಹೊರಗೆ'. ಸ್ಕಾಟ್ಲೆಂಡಿನಲ್ಲಿ ಎರಡು ಕೋಣೆಯ ಹಳ್ಳಿಮನೆಯನ್ನು 'ಬಟ್ ಅಂಡ್ ಬೆನ್' ಎನ್ನುತ್ತಾರೆ; ಹೊರಕೋಣೆ ಬಟ್, ಒಳಕೋಣೆ ಬೆನ್. ಹೊರಗೆ ಎಂಬುದು 'ಬಿಟ್ಟು' ಎಂದಾಯಿತು, ಅಲ್ಲಿಂದ 'ಆದರೆ' ಎಂದಾಯಿತು. ಕನ್ನಡದ 'ಹೊರತು' ನಡೆದ ದಾರಿಯೂ ಇದೇ. 'ನೋಬಡಿ ಬಟ್ ಯು' ಎಂಬುದಕ್ಕೆ 'ನಿನ್ನ ಹೊರತು ಯಾರೂ ಇಲ್ಲ' ಎನ್ನುವಾಗ ಎರಡು ಭಾಷೆಗಳೂ ಒಬ್ಬನನ್ನು ಗುಂಪಿನ ಹೊರಗೆ ನಿಲ್ಲಿಸಿ ಎಣಿಸುತ್ತಿವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ಹೊಸಿಲನ್ನು ದಾಟಿ ಒಂದೇ ಅರ್ಥವನ್ನು ತಲುಪಿದ್ದು ಬೆರಗು ಹುಟ್ಟಿಸುವ ಸಂಗತಿ.

ತತ್ತ್ವಜ್ಞಾನಿ ಜಾನ್ ಲಾಕ್ 17ನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ಮಾನವ ತಿಳಿವಳಿಕೆಯ ಕುರಿತ ಗ್ರಂಥದಲ್ಲಿ ಅವ್ಯಯಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಈ ಸಣ್ಣ ಪದಗಳು ಮನಸ್ಸು ನಿಲ್ಲುವ, ತಿರುಗುವ, ತಡೆಯುವ ಭಂಗಿಗಳನ್ನು ತೋರಿಸುತ್ತವೆಂಬುದು ಅವನ ವಾದ. ಅದಕ್ಕೆ ಅವನು ಆರಿಸಿಕೊಂಡ ಉದಾಹರಣೆ ಬಟ್. ತರ್ಕಶಾಸ್ತ್ರಜ್ಞ ಗಾಟ್‌ಲೋಬ್ ಫ್ರೆಗೆ ಮುಂದೆ ಇದೇ ಪದದ ವಿಚಿತ್ರ ಗುಣವೊಂದನ್ನು ಎತ್ತಿ ತೋರಿಸಿದ. 'ಮತ್ತು' ಎಂದರೂ 'ಆದರೆ' ಎಂದರೂ ವಾಕ್ಯದ ನಿಜಸುಳ್ಳು ಬದಲಾಗುವುದಿಲ್ಲ. ಬದಲಾಗುವುದು ಅದರ ಮೇಲೆ ಬೀಳುವ ಬೆಳಕು ಮಾತ್ರ. ತರ್ಕದಲ್ಲಿ ಎರಡಕ್ಕೂ ಒಂದೇ ಚಿಹ್ನೆ. 1971ರಲ್ಲಿ ಭಾಷಾಶಾಸ್ತ್ರಜ್ಞೆ ರಾಬಿನ್ ಲೇಕಾಫ್ ಬಟ್‌ನ ಎರಡು ಕೆಲಸಗಳನ್ನು ಬೇರ್ಪಡಿಸಿದರು. ಎತ್ತರ-ಗಿಡ್ಡದಂಥ ನೇರ ವಿರೋಧವನ್ನು ಹೇಳುವುದು ಒಂದು, ಕೇಳುಗನ ನಿರೀಕ್ಷೆಯನ್ನು ಮುರಿಯುವುದು ಇನ್ನೊಂದು.

ಬಟ್‌ನಲ್ಲಿ ಪದಗಳ ಕ್ರಮವೇ ತೀರ್ಪು. ಕೆಲಸಗಾರನೊಬ್ಬನ ಬಗ್ಗೆ 'ಸ್ಲೋ ಬಟ್ ಕೇರ್‌ಫುಲ್' ಎಂದು ಬರೆದರೆ ನಿಧಾನವಾದರೂ ಜಾಗರೂಕ ಎಂಬ ಶಿಫಾರಸು. 'ಕೇರ್‌ಫುಲ್ ಬಟ್ ಸ್ಲೋ' ಎಂದರೆ ಜಾಗರೂಕನೇ, ಆದರೇನು ನಿಧಾನ ಎಂಬ ಆಕ್ಷೇಪ. ಮೂರೂ ಪದಗಳು ಅವೇ. ಬಟ್ ತನ್ನ ಮುಂದೆ ಬರುವ ಮಾತಿನ ಕಡೆಗೆ ತೂಕವನ್ನು ಸರಿಸುತ್ತದೆ, ಹಿಂದಿನದನ್ನು ಒಪ್ಪಿಯೂ ಬದಿಗೆ ಇಡುತ್ತದೆ. ವಾಕ್ಯವನ್ನು ಬಟ್‌ನಿಂದ ಶುರುಮಾಡಬಾರದೆಂದು ಶಾಲೆಗಳಲ್ಲಿ ಹೇಳಿಕೊಡುವುದುಂಟು. ಇದಕ್ಕೆ ಭಾಷೆಯ ಬಳಕೆಯಲ್ಲಿ ಆಧಾರವಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೇ ಅಂಥ ವಾಕ್ಯಗಳು ತುಂಬಿವೆ.

ಒಪ್ಪಿ ಎದುರಾಡುವ ಪದಗಳು

ಒಂದು ಮಾತನ್ನು ಒಪ್ಪಿಕೊಂಡು, ಅದರಿಂದ ಹೊರಡಬೇಕಿದ್ದ ತೀರ್ಮಾನವನ್ನು ಒಪ್ಪದಿರಲು ಇಂಗ್ಲಿಷಿನಲ್ಲಿ ಆಲ್ದೋ, ದೋ, ಯೆಟ್, ಸ್ಟಿಲ್, ನೆವರ್‌ದಲೆಸ್, ಡಿಸ್‌ಪೈಟ್ ಮುಂತಾದವು ಇವೆ. ಆಲ್ದೋ ಬಟ್‌ಗೆ ಕನ್ನಡಿಯ ಪ್ರತಿಬಿಂಬ. ಬಟ್ ತೂಕದ ಮಾತಿನ ಮುಂದೆ ನಿಲ್ಲುತ್ತದೆ, ಆಲ್ದೋ ಹಗುರಾದ ಮಾತಿನ ಮುಂದೆ. ಹೀಗಾಗಿ ಒಂದೇ ವಾಕ್ಯದಲ್ಲಿ ಎರಡೂ ಇರಲು ಎಡೆಯಿಲ್ಲ. 'ಆಲ್ದೋ ಹಿ ಈಸ್ ರಿಚ್, ಬಟ್ ಹಿ ಈಸ್ ಅನ್‌ಹ್ಯಾಪಿ' ಎಂಬ ವಾಕ್ಯ ಭಾರತೀಯರ ಇಂಗ್ಲಿಷಿನಲ್ಲಿ ಆಗಾಗ ಸಿಗುತ್ತದೆ. ಯದ್ಯಪಿ-ತಥಾಪಿ ಎಂಬ ಸಂಸ್ಕೃತದ ಜೋಡಿಪದದಂಥ ರಚನೆ ಬೆನ್ನಿಗಿದ್ದಾಗ ಈ ತಪ್ಪು ಸಹಜ. ಕನ್ನಡದ 'ಶ್ರೀಮಂತನಾದರೂ ಸುಖವಿಲ್ಲ' ಎಂಬ ವಾಕ್ಯವನ್ನು ನೆನೆದರೆ ದಾರಿ ಸಲೀಸು: ಅಲ್ಲಿ ಒಂದೇ ಒಂದು 'ಊ' ಇಡೀ ಕೆಲಸ ಮುಗಿಸಿದೆ.

ಸ್ಟಿಲ್ ಎಂದರೆ ಮೊದಲು ಅಲುಗಾಡದ್ದು. ಅಲುಗಾಡದ್ದು ಹಾಗೇ ಇರುವುದರಿಂದ 'ಇನ್ನೂ' ಎಂಬ ಅರ್ಥ ಬಂತು, ಏನಾದರೂ ಹಾಗೇ ಇರುವುದರಿಂದ 'ಆದರೂ' ಎಂಬ ಅರ್ಥ ಬಂತು. ಡಿಸ್‌ಪೈಟ್‌ನ ಹಿಂದಿನ ಲ್ಯಾಟಿನ್ ಪದಕ್ಕೆ 'ಕೀಳಾಗಿ ನೋಡು' ಎಂದು ಅರ್ಥ. ಸ್ಪೈಟ್ ಎಂಬ ಹಗೆಯ ಪದ ಅದರದೇ ಮೊಟಕು ರೂಪ. ಮಳೆಯನ್ನು ಲೆಕ್ಕಿಸದೆ, ಧಿಕ್ಕರಿಸಿ ಹೋದೆವು ಎಂಬುದು ಕ್ರಮೇಣ ಮಳೆಯಿದ್ದರೂ ಹೋದೆವು ಎಂದಾಗಿದೆ. ಆಲ್‌ಬೀಇಟ್ ಎಂಬುದು 'ಅದು ಹಾಗೇ ಆಗಲಿ' ಎನ್ನುವ ಮೂರು ಪದಗಳ ಬೆಸುಗೆ. ಕನ್ನಡದ 'ಆದರೆ', 'ಆದರೂ' ಎಂಬ ಪದಗಳು ಆಗು ಧಾತುವಿನಿಂದಲೇ ಹುಟ್ಟಿವೆ. ಹಾಗಾಗಲಿ ಎಂದು ಮೊದಲು ಬಿಟ್ಟುಕೊಟ್ಟು ಆಮೇಲೆ ತಡೆಯುವ ಸೌಜನ್ಯ ಎರಡೂ ಕಡೆ ಇದೆ.

ಎದುರುಬದುರು ಇಡುವ ಪದಗಳು

ವೈಲ್, ವೇರ್‌ಆಸ್, 'ಆನ್ ದಿ ಅದರ್ ಹ್ಯಾಂಡ್', 'ಇನ್ ಕಾಂಟ್ರಾಸ್ಟ್' ಇವು ಯಾರ ಪರವನ್ನೂ ವಹಿಸದೆ ಎರಡು ಸಂಗತಿಗಳನ್ನು ಸಮನಾಗಿ ಇಡುತ್ತವೆ. ವೈಲ್ ಮೂಲದಲ್ಲಿ 'ಹೊತ್ತು' ಎಂಬ ನಾಮಪದ. ಒಂದೇ ಹೊತ್ತಿನಲ್ಲಿ ಎರಡು ನಡೆದಾಗ ಅವುಗಳ ಭೇದ ಕಣ್ಣಿಗೆ ಬೀಳುವುದರಿಂದ ಕಾಲದ ಪದ ಭೇದದ ಪದವಾಯಿತು. ಇದರಿಂದ ಅರ್ಥ ಇಬ್ಬಗೆಯಾಗುವ ಅಪಾಯವೂ ಉಂಟು. 'ವೈಲ್ ಮೈ ಬ್ರದರ್ ಕುಕ್ಸ್, ಐ ರೀಡ್' ಎಂದರೆ ಅಣ್ಣ ಅಡುಗೆ ಮಾಡುವ ಹೊತ್ತಿನಲ್ಲಿ ನಾನು ಓದುತ್ತೇನೆ ಎಂದೇ, ಅವನಿಗೆ ಅಡುಗೆಯ ಹವ್ಯಾಸ, ನನಗೆ ಓದಿನದು ಎಂದೇ? ಅನುಮಾನ ಬರುವ ಕಡೆ ವೇರ್‌ಆಸ್ ಬಳಸಿದರೆ ಗೊಂದಲ ತೀರುತ್ತದೆ.

'ಆನ್ ದಿ ಅದರ್ ಹ್ಯಾಂಡ್' ಮತ್ತು 'ಆನ್ ದ ಕಾಂಟ್ರರಿ' ಒಂದೇ ಎಂದು ತಿಳಿಯುವವರಿದ್ದಾರೆ. ಮೊದಲನೆಯದು ಇನ್ನೊಂದು ಕೈಯಲ್ಲಿರುವುದನ್ನು ತೋರಿಸುತ್ತದೆ. ಎರಡು ಕೈಯಲ್ಲಿರುವುದೂ ನಿಜ. ಎರಡನೆಯದು ಹಿಂದಿನ ಮಾತನ್ನೇ ಅಲ್ಲಗಳೆಯುತ್ತದೆ. ಊರಿನಲ್ಲಿ ಖರ್ಚು ಕಡಿಮೆ, ಇನ್ನೊಂದು ಕಡೆ ಕೆಲಸ ಸಿಗುವುದು ಕಷ್ಟ ಎನ್ನಲು ಮೊದಲನೆಯದು ಬೇಕು. ಊರಿನಲ್ಲಿ ಖರ್ಚು ಹೆಚ್ಚೆಂದವರಿಗೆ, ಹಾಗಲ್ಲ, ತೀರಾ ಕಡಿಮೆ ಎನ್ನಲು ಎರಡನೆಯದು. ಹೌಎವರ್ ಬರವಣಿಗೆಯಲ್ಲಿ ಬಟ್‌ನ ಕೆಲಸ ಮಾಡಿದರೂ ವ್ಯಾಕರಣದಲ್ಲಿ ಬೇರೆ. ಅದು ಎರಡು ವಾಕ್ಯಗಳನ್ನು ಅಂಟಿಸಲಾರದು. ಅದರ ಹಿಂದೆ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು.

ವಿರುದ್ಧಪದಗಳು, ಪೂರ್ವಪ್ರತ್ಯಯಗಳು

ವಿರುದ್ಧಪದಕ್ಕೆ ಇಂಗ್ಲಿಷಿನಲ್ಲಿ ಆಂಟನಿಮ್ ಎಂಬ ಹೆಸರು ಚಾರ್ಲ್ಸ್ ಜಾನ್ ಸ್ಮಿತ್ 1867ರಲ್ಲಿ ಪ್ರಕಟಿಸಿದ ಪದಕೋಶದಿಂದ ಬಳಕೆಗೆ ಬಂತು. ಪದಾರ್ಥವಿಚಾರದ ಭಾಷಾವಿದ್ವಾಂಸರು, ಮುಖ್ಯವಾಗಿ ಜಾನ್ ಲೈಯನ್ಸ್ ಮತ್ತು ಡಿ.ಎ. ಕ್ರೂಸ್, ವಿರುದ್ಧಪದಗಳಲ್ಲಿ ಮೂರು ಬಗೆಗಳನ್ನು ವಿವರಿಸಿದ್ದಾರೆ. ಬಿಸಿ-ತಣ್ಣಗೆಗಳ ನಡುವೆ ಉಗುರುಬೆಚ್ಚಗೆಂಬ ಮೆಟ್ಟಿಲುಗಳಿವೆ. ಸತ್ತ-ಬದುಕಿದಗಳ ನಡುವೆ ಮೆಟ್ಟಿಲಿಲ್ಲ, ಒಂದನ್ನು ಅಲ್ಲ ಎಂದರೆ ಇನ್ನೊಂದು ಹೌದೆಂದೇ ಅರ್ಥ. ಕೊಳ್ಳು-ಮಾರುಗಳಲ್ಲಿ ಒಂದೇ ವ್ಯವಹಾರವನ್ನು ಎರಡು ಬದಿಯಿಂದ ನೋಡಲಾಗಿದೆ. ಮೊದಲ ಬಗೆಯನ್ನು ಎರಡನೆಯ ಬಗೆಯೆಂದು ತಿಳಿದಾಗಲೇ ವಾದಗಳು ಹಳಿ ತಪ್ಪುವುದು. ಬುದ್ಧಿವಂತನಲ್ಲ ಎಂದ ಮಾತ್ರಕ್ಕೆ ದಡ್ಡನಾಗುವುದಿಲ್ಲ.

ಪೂರ್ವಪ್ರತ್ಯಯಗಳಲ್ಲಿ ಅನ್ ಜರ್ಮ್ಯಾನಿಕ್, ಇನ್ ಲ್ಯಾಟಿನ್; ಎರಡೂ ಸಂಸ್ಕೃತದ ಅ, ಅನ್‌ಗಳಿಗೆ ಸೋದರರು. 'ಅನ್‌ನೆಸೆಸರಿ' ಮತ್ತು ನಮ್ಮ 'ಅನಗತ್ಯ' ಒಂದೇ ಧ್ವನಿಯಿಂದ ಶುರುವಾಗುವುದು ಕಾಕತಾಳೀಯವಲ್ಲ. ಅನ್‌ಡೂ, ಅನ್‌ಲಾಕ್‌ಗಳ ಅನ್ ಮಾತ್ರ ಬೇರೆಯದು. ಅದು ಇಲ್ಲ ಎನ್ನುವುದಿಲ್ಲ, ಮಾಡಿದ್ದನ್ನು ಬಿಚ್ಚುತ್ತದೆ. ಡಿಸ್ ಎಂಬುದಕ್ಕೆ 'ಅಗಲಿ, ಬೇರೆಯಾಗಿ' ಎಂದರ್ಥ. ಅನ್‌ಇಂಟರೆಸ್ಟೆಡ್ ಎಂದರೆ ಆಸಕ್ತಿಯಿಲ್ಲದವನು. ಡಿಸ್‌ಇಂಟರೆಸ್ಟೆಡ್ ಎಂದರೆ, ಎಚ್ಚರದ ಬರಹಗಾರರ ಬಳಕೆಯಲ್ಲಿ, ಸ್ವಂತ ಲಾಭವಿಲ್ಲದ ನಿಷ್ಪಕ್ಷಪಾತಿ. ನ್ಯಾಯಾಧೀಶರು ಎರಡನೆಯವರಾಗಿರಬೇಕು, ಮೊದಲನೆಯವರಾಗಬಾರದು.

ಕೋಶಗಳಲ್ಲಿ ಭೇದ

ಪದಗಳ ಸೂಕ್ಷ್ಮ ಭೇದವನ್ನು ಬಿಡಿಸಿ ಹೇಳುವ ಕೋಶಗಳು 18ನೆಯ ಶತಮಾನದಿಂದ ಇಂಗ್ಲಿಷಿನಲ್ಲಿ ಬಂದವು. ಜಾನ್ ಟ್ರಸ್ಲರ್ 1766ರಲ್ಲಿ, ಹೆಸ್ಟರ್ ಪಿಯೋಜಿ 1794ರಲ್ಲಿ, ಜಾರ್ಜ್ ಕ್ರ್ಯಾಬ್ 1816ರಲ್ಲಿ ಇಂಥ ಗ್ರಂಥಗಳನ್ನು ತಂದರು. ವೈದ್ಯ ಪೀಟರ್ ಮಾರ್ಕ್ ರೋಜೆ 1805ರಲ್ಲಿ ತನ್ನ ಸ್ವಂತ ಉಪಯೋಗಕ್ಕೆ ಶುರುಮಾಡಿದ ಪದಪಟ್ಟಿ 1852ರಲ್ಲಿ, ಅವನ 73ನೆಯ ವಯಸ್ಸಿನಲ್ಲಿ, ಥೆಸಾರಸ್ ಆಗಿ ಪ್ರಕಟವಾಯಿತು. ಸಾವಿರ ಶೀರ್ಷಿಕೆಗಳನ್ನು ಅವನು ಸಾಧ್ಯವಾದ ಕಡೆಯಲ್ಲೆಲ್ಲ ವಿರುದ್ಧ ಜೋಡಿಗಳಾಗಿ ಅಕ್ಕಪಕ್ಕದ ಕಾಲಮ್ಮುಗಳಲ್ಲಿ ಇಟ್ಟ. ಅವನ ವರ್ಗೀಕರಣದ ಮೊದಲ ಪುಟಗಳಲ್ಲೇ ಅಭೇದ, ವಿರೋಧ, ಭೇದ, ಸಾದೃಶ್ಯ, ಅಸಾದೃಶ್ಯಗಳು ಬರುತ್ತವೆ. ಭಾಷೆಯ ಇಡೀ ಉಗ್ರಾಣಕ್ಕೆ ಇವೇ ಬಾಗಿಲೆಂಬಂತೆ.

ಸಿ.ಕೆ. ಆಗ್ಡನ್ 1930ರಲ್ಲಿ ರೂಪಿಸಿದ ಬೇಸಿಕ್ ಇಂಗ್ಲಿಷಿನಲ್ಲಿ 850 ಪದಗಳು. ಅವುಗಳಲ್ಲಿ 150 ಗುಣವಾಚಕಗಳು, ಆ 150ರಲ್ಲಿ 50 ವಿರುದ್ಧಪದಗಳೆಂದೇ ಬೇರೆಯಾಗಿ ಪಟ್ಟಿಯಾದವು. ಡಿಫರೆಂಟ್, ಆಪೋಸಿಟ್ ಎರಡೂ ಆ ಐವತ್ತರಲ್ಲಿವೆ. ಎಷ್ಟೇ ಕಡಿಮೆ ಪದಗಳಲ್ಲಿ ಬದುಕಿದರೂ ಭೇದ ಹೇಳುವ ಪದ ಬಿಡಲಾಗದೆಂಬುದನ್ನು ಈ ಪಟ್ಟಿ ತೋರಿಸುತ್ತದೆ.

ಕಾನೂನಿನಲ್ಲಿ

ಕಾನೂನಿನ ಇಂಗ್ಲಿಷಿನಲ್ಲಿ ಭೇದಸೂಚಕ ಪದಗಳಿಗೆ ಅಧಿಕಾರವೇ ಇದೆ. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಎಂಬ ಪದದಿಂದ ಶುರುವಾದ ವಿಧಿ ಬೇರೆ ವಿಧಿಗಳನ್ನು ಮೀರಿ ನಿಲ್ಲುತ್ತದೆ. ಭಾರತ ಸಂವಿಧಾನದ 370ನೆಯ ವಿಧಿ ಈ ಪದದಿಂದಲೇ ಆರಂಭವಾಗಿತ್ತು. ಕನ್ನಡದ ಅಧಿನಿಯಮಗಳಲ್ಲಿ ಇದು 'ಏನೇ ಒಳಗೊಂಡಿದ್ದರೂ' ಎಂದು ಬರುತ್ತದೆ. ನಿಯಮಕ್ಕೆ ವಿನಾಯಿತಿ ಹೇಳುವ 'ಪ್ರೊವೈಡೆಡ್ ದ್ಯಾಟ್' ಕನ್ನಡದಲ್ಲಿ 'ಪರಂತು'. ಈ ಒಂದು ಪದದ ಕೆಳಗೆ ಯಾರು ಬರುತ್ತಾರೆಂಬುದರ ಮೇಲೆ ಜನರ ಜಮೀನು, ಪಿಂಚಣಿ, ಹಕ್ಕು ನಿಂತಿರುತ್ತದೆ.

ಡಿಸ್ಕ್ರಿಮಿನೇಟ್ ಪದದ ಕಥೆ ಕನ್ನಡದ ಒಂದು ಪದಕ್ಕೆ ಜೊತೆಯಾಗಿದೆ. ಅದರ ಬೇರಿನಲ್ಲಿರುವುದು ಜರಡಿ ಹಿಡಿಯುವ ಕೆಲಸ. ಕಾಳು-ಜೊಳ್ಳು ಬೇರ್ಪಡಿಸುವ ವಿವೇಚನೆ ಎಂಬ ಮೆಚ್ಚುಗೆಯ ಅರ್ಥ ಇಂದಿಗೂ ಅದಕ್ಕೆ ಇದೆ. ಮನುಷ್ಯರನ್ನೇ ಜರಡಿ ಹಿಡಿದು ಕೆಲವರನ್ನು ತಳ್ಳುವ ಪಕ್ಷಪಾತ ಎಂಬ ಅರ್ಥ 19ನೆಯ ಶತಮಾನದ ಅಮೆರಿಕದಲ್ಲಿ ಬೆಳೆದು, ಇಂದು ಮುಖ್ಯಾರ್ಥವಾಗಿದೆ. ಇದಕ್ಕೆ ನಾವು ಬಳಸುವ 'ತಾರತಮ್ಯ' ಎಂಬ ಪದ ಸಂಸ್ಕೃತದ ತರ, ತಮ ಎಂಬ ಹೋಲಿಕೆಯ ಪ್ರತ್ಯಯಗಳಿಂದ ಆದದ್ದು. ಅದರ್ ಪದದಲ್ಲಿ ಕಂಡ 'ತರ'ವೇ ಇದು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಪಂಚಭೇದಗಳ ಜೊತೆ ತಾರತಮ್ಯವನ್ನು ಪ್ರತಿಪಾದಿಸಿದಾಗ ಅದಕ್ಕೆ ಏರಿಳಿತದ ಶ್ರೇಣಿ ಎಂಬುದು ಅರ್ಥವಾಗಿತ್ತು. ಇಂದು ಪತ್ರಿಕೆಯಲ್ಲಿ ತಾರತಮ್ಯ ಎಂದರೆ ಅನ್ಯಾಯ. ಹೆಚ್ಚು ಕಡಿಮೆಯನ್ನು ಅಳೆಯುವ ಪದಗಳು ಮನುಷ್ಯರ ಮೇಲೆ ಬಿದ್ದಾಗ ಕಹಿಯಾಗುವುದು ಎರಡೂ ಭಾಷೆಗಳ ಅನುಭವ.

ಕನ್ನಡದಲ್ಲಿ ಈ ಪದಗಳು

ಹಲವು ಇಂಗ್ಲಿಷ್ ಭೇದಸೂಚಕಗಳು ಕನ್ನಡದೊಳಗೆ ಹೊಸ ಬಾಳು ಕಂಡಿವೆ. 'ಪಿಕ್ಚರ್ ಡಿಫರೆಂಟಾಗಿದೆ' ಎಂದರೆ ಬರೀ ಬೇರೆಯಾಗಿದೆ ಎಂದಲ್ಲ, ಹೊಸತನವಿದೆ ಎಂಬ ಮೆಚ್ಚುಗೆ. 'ಲೆಕ್ಕದಲ್ಲಿ ಡಿಫರೆನ್ಸ್ ಬಂದಿದೆ' ಎಂದರೆ ದುಡ್ಡು ತಾಳೆಯಾಗುತ್ತಿಲ್ಲ. ವಿಳಾಸ ಹೇಳುವಾಗಿನ 'ಬಸ್ ಸ್ಟ್ಯಾಂಡ್ ಆಪೋಸಿಟ್' ಎಂಬ ಮಾತು ಲ್ಯಾಟಿನ್ನಿನ 'ಎದುರಿಗೆ ಇಟ್ಟದ್ದು' ಎಂಬ ಮೊದಲ ಅರ್ಥಕ್ಕೆ ನಿಷ್ಠವಾಗಿದೆ. ನಗರದ ಮಾತಿನಲ್ಲಿ ಬಟ್ 'ಆದರೆ'ಯ ಜಾಗವನ್ನು ಹಿಡಿಯುತ್ತಿದೆ.

ಅನುವಾದದಲ್ಲಿ ತೊಡಕಾಗುವುದು ಬಟ್ ಕಂಡಲ್ಲೆಲ್ಲ 'ಆದರೆ' ಇಟ್ಟಾಗ. 'ನಾಟ್ ಎ ರೋಪ್ ಬಟ್ ಎ ಸ್ನೇಕ್' ಎಂಬುದಕ್ಕೆ ಕನ್ನಡ 'ಹಗ್ಗವಲ್ಲ, ಹಾವು'. ಅಲ್ಲಿ 'ಅಲ್ಲ' ಎಂಬ ಪದವೇ ತಿದ್ದುಪಡಿಯನ್ನು ಮುಗಿಸಿಬಿಡುತ್ತದೆ. 'ಹಗ್ಗವಲ್ಲ ಆದರೆ ಹಾವು' ಎಂದರೆ ಕಿವಿಗೆ ಇಂಗ್ಲಿಷೇ ಕೇಳಿಸುತ್ತದೆ. ಸ್ಪ್ಯಾನಿಷ್, ಜರ್ಮನ್ ಭಾಷೆಗಳಲ್ಲಿ ಈ ಬಗೆಯ ಬಟ್‌ಗೆ ಬೇರೆಯೇ ಪದವಿದೆ; ಕನ್ನಡಕ್ಕೆ ಪದವೇ ಬೇಕಿಲ್ಲ. ಹೊರತು, ಮಾತ್ರ, ಆದರೂ, ಅಲ್ಲದೆ, ಇತ್ತ, ಮೌನ: ಇಷ್ಟು ದಾರಿಗಳಲ್ಲಿ ಯಾವುದೆಂದು ವಾಕ್ಯದ ತೂಕ ನೋಡಿ ಆರಿಸಬೇಕು.

ಬಳಕೆಯ ಹೊಣೆ

ನಿರೀಕ್ಷೆಯನ್ನು ಮುರಿಯುವ ಪದಕ್ಕೆ ಮೊದಲೊಂದು ನಿರೀಕ್ಷೆ ಬೇಕು. ಆ ನಿರೀಕ್ಷೆ ವಾಕ್ಯದಲ್ಲಿ ಎಲ್ಲೂ ಬರೆದಿರುವುದಿಲ್ಲ. ಹೇಳುವವರ ಮನಸ್ಸಿನಲ್ಲಿರುತ್ತದೆ, ಕೇಳುವವರು ಅರಿವಿಲ್ಲದೆ ಅದನ್ನು ಒಪ್ಪಿಕೊಂಡುಬಿಡುತ್ತಾರೆ. 'ಶಿ ಈಸ್ ಫ್ರಮ್ ಎ ವಿಲೇಜ್, ಬಟ್ ಶಿ ಈಸ್ ಇಂಟೆಲಿಜೆಂಟ್' ಎಂಬ ವಾಕ್ಯದಲ್ಲಿ ಹಳ್ಳಿಯವರು ಬುದ್ಧಿವಂತರಲ್ಲ ಎಂದು ಯಾರೂ ಹೇಳಿಲ್ಲ, ಬಟ್ ಹೇಳಿದೆ. ಬಡವ ಆದರೆ ಪ್ರಾಮಾಣಿಕ, ಹೆಂಗಸು ಆದರೆ ಧೈರ್ಯವಂತೆ ಎಂಬ ಮಾತುಗಳು ಹೊಗಳುತ್ತಲೇ ಒಂದು ಇಡೀ ಸಮೂಹವನ್ನು ಕೆಳಗೆ ಕೂರಿಸುತ್ತವೆ.

ಇದನ್ನು ಪತ್ತೆಹಚ್ಚಲು ಬಟ್ ತೆಗೆದು 'ಮತ್ತು' ಇಟ್ಟು ಅಥವಾ ಏನೂ ಇಡದೆ ಓದಿ ನೋಡಬೇಕು. ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ ಎಂಬಲ್ಲಿ 'ಆದರೆ' ತೆಗೆದರೆ ಏನೋ ಕಳೆದಂತಾಗುತ್ತದೆ. ಮಳೆಗೂ ಕೆರೆಗೂ ನಿಜವಾದ ನಂಟಿದೆ, ಪದ ಅದನ್ನು ಕಾಯುತ್ತಿದೆ. ಇನ್ನೊಂದನ್ನು ಓದಿ: ಅವಳು ಹಳ್ಳಿಯವಳು, ಬುದ್ಧಿವಂತೆ. ಎರಡೂ ಸಂಗತಿಗಳು ಮೊದಲಿನಷ್ಟೇ ನಿಜವಾಗಿ ಉಳಿದಿವೆ. ಹೋದದ್ದು, ಹೇಳಿದವರ ಮನಸ್ಸಿನಲ್ಲಿದ್ದ ಅನುಮಾನ ಒಂದೇ.